ಎಷ್ಟು ಎಪಿ ಸಾಕು?

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಅಮೆರಿಕದ ಹೈಸ್ಕೂಲುಗಳಲ್ಲಿ ಮುಂದಿನ ವರ್ಷದ ವಿಷಯ ಆರಿಸಿಕೊಳ್ಳುವ ಕಾಲ. ಆ ಫಾರ್ಮಿನಲ್ಲಿ ಸಾಮಾನ್ಯವಾಗಿ ಆರೋ ಏಳೋ ಸಾಲುಗಳಿರುತ್ತವೆ, ಪೀರಿಯಡ್‌ಗೆ ಒಂದರಂತೆ. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ, ಇನ್ನೊಂದು ಭಾಷೆ ಎಂದು ತುಂಬುತ್ತ ಹೋದಂತೆ ಸಾಲು ಸಾಲಿಗೂ ಒಂದೇ ಪ್ರಶ್ನೆ: ಮಾಮೂಲಿ ತರಗತಿಯೋ, ಅದಕ್ಕಿಂತ ಕಠಿಣವಾದ ಆನರ್ಸೋ, ಎಪಿಯೋ? ಹದಿನೈದು ಹದಿನಾರರ ಮಕ್ಕಳು ತುಂಬಬೇಕಾದ ಈ ಫಾರ್ಮು ನ್ಯೂಜೆರ್ಸಿಯ ಎಡಿಸನ್, ಕ್ಯಾಲಿಫೋರ್ನಿಯದ ಫ್ರೀಮಾಂಟ್, ಟೆಕ್ಸಸ್‌ನ ಪ್ಲೇನೋದಂಥ ಊರುಗಳ ಕನ್ನಡದ ಮನೆಗಳಲ್ಲಿ ವಾರಗಟ್ಟಲೆ ಊಟದ ಹೊತ್ತಿನ ಮಾತಾಗುತ್ತದೆ. ಬೆಂಗಳೂರಲ್ಲೋ ದಾವಣಗೆರೆಯಲ್ಲೋ ಇರುವ ಅಜ್ಜ ಅಜ್ಜಿಯರಿಗೂ ವಿಡಿಯೊ ಕಾಲ್‌ನಲ್ಲಿ ಕೇಳಿ ಕೇಳಿ ಆ ಎರಡಕ್ಷರ ಪರಿಚಿತ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ಕೇಳುವುದು, "ನಿಮ್ಮ ಮಗಳು ಎಷ್ಟು ಎಪಿ ತಗೊಂಡಿದಾಳೆ?" ಎಂದು. ಈ ಪ್ರಶ್ನೆಯಲ್ಲಿನ 'ಎಷ್ಟು' ಎಂಬ ಮಾತೇ ಮಕ್ಕಳನ್ನೂ ಹೆತ್ತವರನ್ನೂ ದಾರಿ ತಪ್ಪಿಸುತ್ತಿದೆ ಎನ್ನುವುದು ನನ್ನ ವಾದ. ಕಠಿಣ ತರಗತಿಗಳು ಬೇಕು, ಅವುಗಳಿಂದ ಆಗುವ ಒಳಿತು ದೊಡ್ಡದು. ಆದರೆ ಒಂದು ಮಿತಿಯ ಆಚೆಗೆ ಅವುಗಳ ಸಂಖ್ಯೆ ಹೆಚ್ಚಿಸುವುದರಿಂದ ಕಲಿಕೆಯೂ ಹೆಚ್ಚುವುದಿಲ್ಲ, ಕಾಲೇಜಿನ ಬಾಗಿಲೂ ಅಗಲವಾಗುವುದಿಲ್ಲ. ಅದಕ್ಕಾಗಿ ತೆರುವ ಬೆಲೆ ಮಾತ್ರ ನಿಜವಾದದ್ದು.

ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಓದಿ, ಮೇ ತಿಂಗಳ ಎರಡು ವಾರಗಳಲ್ಲಿ ನಡೆಯುವ ಪರೀಕ್ಷೆ ಬರೆಯುವ ವ್ಯವಸ್ಥೆ ಅದು. ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಅಂಕ 1ರಿಂದ 5ರವರೆಗೆ. 3 ಮತ್ತು ಅದಕ್ಕಿಂತ ಮೇಲೆ ಬಂದರೆ ಅನೇಕ ಕಾಲೇಜುಗಳು ಆ ವಿಷಯದ ಕ್ರೆಡಿಟ್ ಕೊಡುತ್ತವೆ. ಇದು ಹುಟ್ಟಿದ್ದು 1950ರ ದಶಕದ ಆರಂಭದಲ್ಲಿ, ಫೋರ್ಡ್ ಪ್ರತಿಷ್ಠಾನದ ಹಣದ ನೆರವಿನಿಂದ. ಆಂಡೊವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಖಾಸಗಿ ಶಾಲೆಗಳವರೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರೂ ಕೂತು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತ್ತು: ಒಳ್ಳೆಯ ಶಾಲೆಯಲ್ಲಿ ಓದಿ ಬಂದ ಹುಡುಗರು ಕಾಲೇಜಿನ ಮೊದಲ ವರ್ಷದಲ್ಲಿ ಕಲಿತದ್ದನ್ನೇ ಮತ್ತೆ ಕಲಿಯುತ್ತಿದ್ದರು. ಯಾವ ವಿಷಯದಲ್ಲಿ ಹುಡುಗ ಮುಂದಿದ್ದಾನೋ ಆ ವಿಷಯದಲ್ಲಿ ಅವನನ್ನು ಒಂದು ಮೆಟ್ಟಿಲು ಮೇಲೆ ಕೂರಿಸೋಣ ಎಂಬುದು ಅವರ ಯೋಚನೆ. 'ಪ್ಲೇಸ್‌ಮೆಂಟ್' ಎಂಬ ಹೆಸರು ಬಂದದ್ದೇ ಹಾಗೆ. 1956ರಲ್ಲಿ ಸುಮಾರು 1,200 ವಿದ್ಯಾರ್ಥಿಗಳು ಸುಮಾರು 2,200 ಪರೀಕ್ಷೆ ಬರೆದರು. ತಲೆಗೆ ಎರಡೂ ಇಲ್ಲ. ಈಗ ವರ್ಷಕ್ಕೆ 30 ಲಕ್ಷದಷ್ಟು ಮಕ್ಕಳು 50 ಲಕ್ಷಕ್ಕೂ ಹೆಚ್ಚು ಪರೀಕ್ಷೆ ಬರೆಯುತ್ತಾರೆ, ವಿಷಯಗಳು ನಲವತ್ತರ ಹತ್ತಿರ ಬಂದಿವೆ. ಆದರೂ ಭಾಗಿಸಿ ನೋಡಿ: ಇವತ್ತಿಗೂ ಒಂದು ವರ್ಷಕ್ಕೆ ತಲೆಗೆ ಎರಡರ ಆಸುಪಾಸೇ. ವರ್ಷಕ್ಕೆ ಐದು ಆರು ಎಪಿ, ಹೈಸ್ಕೂಲು ಮುಗಿಯುವ ಹೊತ್ತಿಗೆ ಹನ್ನೆರಡು ಹದಿನೈದು ಎನ್ನುವುದು ಅಮೆರಿಕದ ರೂಢಿಯೇ ಅಲ್ಲ. ಅದು ಕೆಲವು ಊರುಗಳ, ಕೆಲವು ಶಾಲೆಗಳ ರೂಢಿ. ನಮ್ಮವರು ಹೆಚ್ಚಾಗಿ ಮನೆ ಕೊಳ್ಳುವುದು 'ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್' ನೋಡಿಕೊಂಡಾದ್ದರಿಂದ ಅವರ ಕಣ್ಣಿಗೆ ಬೀಳುವುದು ಅಂಥ ಶಾಲೆಗಳೇ. ಸುತ್ತ ಕಾಣುವುದೇ ಲೋಕ ಎನಿಸುವುದು ಸಹಜ.

ಒಂದು ಎಪಿ ತರಗತಿ ನಿಜಕ್ಕೂ ಏನನ್ನು ಕಲಿಸಬಲ್ಲದು ಎಂಬುದನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ವಾದದ ಅರ್ಧ ಅಲ್ಲಿದೆ. ಅಮೆರಿಕದ ಇತಿಹಾಸದ ಎಪಿ ಪರೀಕ್ಷೆಯಲ್ಲಿ ದಾಖಲೆಗಳನ್ನು ಆಧರಿಸಿ ಬರೆಯುವ ಒಂದು ಪ್ರಬಂಧ ಬರುತ್ತದೆ. ಏಳು ದಾಖಲೆಗಳನ್ನು ಕೊಟ್ಟಿರುತ್ತಾರೆ: ಒಂದು ಕಾಗದ, ಒಂದು ಭಾಷಣದ ತುಣುಕು, ಪತ್ರಿಕೆಯ ಒಂದು ವ್ಯಂಗ್ಯಚಿತ್ರ, ಹೀಗೆ. ಇರುವ ಸಮಯ ಒಂದು ಗಂಟೆ, ಅದರಲ್ಲಿ ಕಾಲು ಗಂಟೆ ಓದಿಗೆ. ವಿದ್ಯಾರ್ಥಿ ಅವುಗಳಿಂದ ತನ್ನದೇ ಒಂದು ವಾದ ಕಟ್ಟಬೇಕು, ಆ ಕಾಲದ ಹಿನ್ನೆಲೆ ಹೇಳಬೇಕು, ದಾಖಲೆಯಲ್ಲಿ ಇಲ್ಲದ ಪುರಾವೆಯೊಂದನ್ನು ತನ್ನ ತಿಳಿವಳಿಕೆಯಿಂದ ತರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕಾಗದ ಬರೆದವನು ಯಾರು, ಯಾರಿಗೆ ಬರೆದ, ಹೀಗೆ ಬರೆಯುವುದರಿಂದ ಅವನಿಗೇನು ಲಾಭ ಎಂದು ಕೇಳಬೇಕು. ಹದಿನಾರನೆಯ ವಯಸ್ಸಿಗೆ ಈ ಅಭ್ಯಾಸ ಕೈಗೂಡಿದರೆ ಜೀವಮಾನವಿಡೀ ಪತ್ರಿಕೆ ಓದುವಾಗ, ಮತ ಹಾಕುವಾಗ ಜೊತೆಗಿರುತ್ತದೆ. ಆದರೆ ಇದು ನಿಧಾನಕ್ಕೆ ಬಲಿಯುವ ಬುದ್ಧಿ. ಒಂದು ದಾಖಲೆಯನ್ನು ಎರಡು ಮೂರು ಸಲ ಓದಿ, ಮೊದಲು ಹೊಳೆದದ್ದು ತಪ್ಪೆಂದು ಕಂಡು, ಬರೆದದ್ದನ್ನು ಹರಿದು ಮತ್ತೆ ಬರೆಯುವಷ್ಟು ಪುರಸೊತ್ತು ಇದ್ದವರಿಗೆ ಅದು ದಕ್ಕುತ್ತದೆ. ಅದೇ ರಾತ್ರಿ ಕ್ಯಾಲ್ಕುಲಸ್‌ನ ಲೆಕ್ಕ, ಕೆಮಿಸ್ಟ್ರಿ ಲ್ಯಾಬ್ ವರದಿ, ಇನ್ನೆರಡು ಎಪಿಗಳ ಓದು ಕಾದಿದ್ದರೆ ಮಗು ಮಾಡುವ ಕೆಲಸ ಒಂದೇ: ಅಂಕ ಕೊಡುವ ಏಳು ಅಂಶಗಳು ಯಾವುವೆಂದು ಬಾಯಿಪಾಠ ಮಾಡಿ, ಸಿದ್ಧ ಅಚ್ಚಿನಲ್ಲಿ ವಾಕ್ಯಗಳನ್ನು ಎರೆಯುವುದು. ಬರುವ ಅಂಕ ಎರಡೂ ಕಡೆ 5 ಇರಬಹುದು. ಕಲಿತದ್ದು ಮಾತ್ರ ಬೇರೆ ಬೇರೆ.

ಈ ಪರೀಕ್ಷೆಯ ಇತಿಹಾಸದಲ್ಲಿ ಎಲ್ಲರೂ ನೆನೆಯುವ ಕಥೆಯೂ ಇದನ್ನೇ ಹೇಳುತ್ತದೆ. ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಬೊಲಿವಿಯದಿಂದ ಬಂದ ಜೈಮೆ ಎಸ್ಕಲಾಂಟೆ ಎಂಬ ಮೇಷ್ಟರು ಬಡ ಮೆಕ್ಸಿಕನ್ ಮೂಲದ ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸಿದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಎಪಿ ಪಾಸಾದಾಗ, ಪರೀಕ್ಷೆ ನಡೆಸಿದವರು 14 ಮಕ್ಕಳ ಉತ್ತರಗಳ ಮೇಲೆ ಸಂಶಯಪಟ್ಟು ಮರುಪರೀಕ್ಷೆಗೆ ಕರೆದರು. 12 ಮಕ್ಕಳು ಮತ್ತೆ ಕೂತು ಬರೆದರು, ಹನ್ನೆರಡೂ ಮಂದಿ ಪಾಸಾದರು. 1988ರಲ್ಲಿ ಇದು ಸಿನಿಮಾ ಕೂಡ ಆಯಿತು. ಸಿನಿಮಾದಲ್ಲಿ ಎಲ್ಲವೂ ಬೇಗ ಬೇಗ ಆದಂತೆ ಕಂಡರೂ ಅದರ ಹಿಂದೆ ವರ್ಷಗಳ ದುಡಿಮೆ ಇತ್ತು. ಎಸ್ಕಲಾಂಟೆ ಗಾರ್ಫೀಲ್ಡ್‌ಗೆ ಬಂದದ್ದು 1974ರಲ್ಲಿ. ಬೀಜಗಣಿತದಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಆಮೇಲೆ ಮಕ್ಕಳನ್ನು ಕ್ಯಾಲ್ಕುಲಸ್‌ಗೆ ಹತ್ತಿಸಿದ್ದು. ಆ ಮಕ್ಕಳ ಬದುಕು ತಿರುಗಿದ್ದು ಒಂದೇ ವಿಷಯದಲ್ಲಿ ಆಳಕ್ಕೆ ಇಳಿದದ್ದರಿಂದ.

ಇನ್ನು ಸಂಖ್ಯೆಗಳ ಸಾಕ್ಷ್ಯ. ಬರ್ಕ್ಲಿಯ ಸಂಶೋಧಕರಾದ ಸೌಲ್ ಗೈಸರ್ ಮತ್ತು ವೆರೋನಿಕಾ ಸಾಂಟೆಲಿಸೆಸ್ 1998ರಿಂದ 2001ರ ನಡುವೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಸೇರಿದ 80,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿದರು. ಹೈಸ್ಕೂಲಿನಲ್ಲಿ ಎಷ್ಟು ಎಪಿ, ಎಷ್ಟು ಆನರ್ಸ್ ತರಗತಿ ತೆಗೆದುಕೊಂಡಿದ್ದರು ಎಂಬುದಕ್ಕೂ ಕಾಲೇಜಿನಲ್ಲಿ ಹೇಗೆ ಓದಿದರು ಎಂಬುದಕ್ಕೂ ನಂಟು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು 2004ರಲ್ಲಿ ವರದಿ ಮಾಡಿದರು. ಎಪಿ ಪರೀಕ್ಷೆಯಲ್ಲಿ ಎಷ್ಟು ಚೆನ್ನಾಗಿ ಮಾಡಿದರು ಎಂಬುದು ಮಾತ್ರ ಬಲವಾದ ಮುನ್ಸೂಚನೆಯಾಗಿತ್ತು. ಅಂದರೆ ತರಗತಿಯಲ್ಲಿ ಹೆಸರಿದ್ದರೆ ಸಾಲದು, ವಿಷಯ ಕೈಹತ್ತಬೇಕು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್ಸಿನವರು ತಮ್ಮದೇ ವಿದ್ಯಾರ್ಥಿಗಳ ಲೆಕ್ಕ ತೆಗೆದಾಗ, ಎಪಿಗಳು ಐದರವರೆಗೆ ಏರಿದಂತೆ ಮೊದಲ ವರ್ಷದ ಅಂಕವೂ ಏರುತ್ತಿತ್ತು, ಐದರ ಆಚೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಸಂಶೋಧಕರೇ ನಾಲ್ಕರಿಂದ ಆರರ ನಂತರ ಪ್ರಯೋಜನ ಇಳಿಮುಖ ಎಂದು ಬರೆದಿದ್ದಾರೆ. ಇವು ವರ್ಷಕ್ಕೆ ಐದಾರು ಎಂಬ ಲೆಕ್ಕವಲ್ಲ, ಇಡೀ ಹೈಸ್ಕೂಲಿಗೆ ಸೇರಿ ಐದಾರು ಎಂಬುದನ್ನು ಗಮನಿಸಬೇಕು. ಇವೆಲ್ಲ ನಂಟುಗಳನ್ನು ತೋರಿಸುತ್ತವೆಯೇ ಹೊರತು ಕಾರಣಗಳನ್ನಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಆ ತಕರಾರು ಹತ್ತು ಎಪಿಯ ವಾದಕ್ಕೇ ಹೆಚ್ಚು ಪೆಟ್ಟು ಕೊಡುತ್ತದೆ. ಸ್ವಭಾವತಃ ಚುರುಕಾದ, ಹಟವಾದಿ ಮಕ್ಕಳೇ ಹೆಚ್ಚು ಎಪಿ ತೆಗೆದುಕೊಳ್ಳುವುದು. ಅಷ್ಟಾಗಿಯೂ ಐದರ ಆಚೆ ಅವರು ಮುಂದೆ ಕಾಣಿಸುತ್ತಿಲ್ಲವೆಂದರೆ ಆ ಹೆಚ್ಚುವರಿ ತರಗತಿಗಳು ಏನನ್ನು ಕೊಟ್ಟವು?

ಫಿಲಿಪ್ ಸ್ಯಾಡ್ಲರ್ ಮತ್ತು ರಾಬರ್ಟ್ ತಾಯ್ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇವೆಲ್ಲಕ್ಕಿಂತ ಉಪಯುಕ್ತ ಎನಿಸುತ್ತದೆ, ಯಾಕೆಂದರೆ ಅದು ಯಾವುದನ್ನು ಆರಿಸಬೇಕು ಎಂಬುದಕ್ಕೆ ಬೆಳಕು ಹಿಡಿಯುತ್ತದೆ. ಕಾಲೇಜಿನಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ಮೊದಲ ಪಾಠಕ್ಕೆ ಕೂತ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅವರು ನೋಡಿದರು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೆಚ್ಚು ಓದಿದವರಿಗೆ ಕಾಲೇಜಿನ ರಸಾಯನಶಾಸ್ತ್ರದಲ್ಲಿ ನೆರವಾಗಿತ್ತು, ಆದರೆ ಜೀವಶಾಸ್ತ್ರಕ್ಕೋ ಭೌತಶಾಸ್ತ್ರಕ್ಕೋ ಅದರಿಂದ ಗಮನಾರ್ಹ ಸಹಾಯ ಆಗಿರಲಿಲ್ಲ. ಮೂರಕ್ಕೂ ಒದಗಿ ಬಂದದ್ದು ಒಂದೇ, ಗಣಿತ. ಮೂರು ವಿಜ್ಞಾನಗಳ ಎಪಿಯನ್ನೂ ಮೈಮೇಲೆ ಎಳೆದುಕೊಂಡು, ಆ ಗಡಿಬಿಡಿಯಲ್ಲಿ ಗಣಿತ ಪೊಳ್ಳಾಗಿ ಉಳಿಸಿಕೊಳ್ಳುವ ಮಗು ಅಡಿಪಾಯ ಬಿಟ್ಟು ಮಹಡಿ ಕಟ್ಟುತ್ತಿದೆ.

ಹೀಗಿದ್ದೂ ಸಂಖ್ಯೆಯೇ ಆಳುತ್ತಿರುವುದೇಕೆ? ಒಂದು ಕಾರಣ ಅಂಕಗಣಿತದ್ದು. ಬಹಳಷ್ಟು ಶಾಲೆಗಳಲ್ಲಿ ಮಾಮೂಲಿ ತರಗತಿಯ 'ಎ' ಗ್ರೇಡ್‌ಗೆ 4 ಅಂಕ, ಎಪಿಯ 'ಎ'ಗೆ 5. ಇದನ್ನು ವೇಟೆಡ್ ಜಿಪಿಎ ಎನ್ನುತ್ತಾರೆ. ಆರು ಎಪಿಗಳಲ್ಲಿ ಆರಕ್ಕೂ 'ಎ' ಪಡೆದವಳ ಸರಾಸರಿ 5. ಅವಳೇ ಏಳನೆಯ ಪೀರಿಯಡ್‌ಗೆ ಆರ್ಕೆಸ್ಟ್ರಾ ತೆಗೆದುಕೊಂಡು, ಪಿಟೀಲು ಚೆನ್ನಾಗಿ ನುಡಿಸಿ, ಅಲ್ಲೂ 'ಎ' ಪಡೆದಳು ಎನ್ನಿ. ಮೂವತ್ತಕ್ಕೆ ನಾಲ್ಕು ಸೇರಿ ಮೂವತ್ತನಾಲ್ಕು, ಏಳರಿಂದ ಭಾಗಿಸಿದರೆ 4.86. ಒಂದು ವಿಷಯ ಹೆಚ್ಚು ಓದಿ, ಅದರಲ್ಲೂ ಅತ್ಯುತ್ತಮ ಎನಿಸಿಕೊಂಡದ್ದಕ್ಕೆ ಸರಾಸರಿ ಇಳಿಯಿತು! ಪಿಟೀಲು ಬಿಟ್ಟು ಆ ಪೀರಿಯಡ್ ಖಾಲಿ ಇಟ್ಟವಳು ಅವಳಿಗಿಂತ ಮೇಲೆ. ಈ ಲೆಕ್ಕವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಸಂಗೀತ, ಚಿತ್ರಕಲೆ, ಮರಗೆಲಸ, ನಾಟಕ ಒಂದೊಂದಾಗಿ ಫಾರ್ಮಿನಿಂದ ಉದುರುತ್ತವೆ. ಶನಿವಾರದ ಕನ್ನಡ ತರಗತಿ, ಭರತನಾಟ್ಯ, ಕರ್ನಾಟಕ ಸಂಗೀತದ ಪಾಠಗಳ ಪಾಡೂ ಅದೇ. ಇನ್ನೊಂದು ಕಾರಣ ಕಾಲೇಜಿಗೆ ಹೋಗುವ ಕೌನ್ಸೆಲರ್ ವರದಿಯಲ್ಲಿದೆ. ಈ ವಿದ್ಯಾರ್ಥಿ ಆರಿಸಿಕೊಂಡ ವಿಷಯಗಳು ಅದೇ ಶಾಲೆಯ ಉಳಿದವರಿಗೆ ಹೋಲಿಸಿದರೆ ಎಷ್ಟು ಕಠಿಣ ಎಂದು ಅಲ್ಲಿ ಗುರುತು ಹಾಕಬೇಕು. 'ಅತಿ ಕಠಿಣ' ಎಂಬ ಚೌಕದಲ್ಲಿ ಗುರುತು ಬೀಳದಿದ್ದರೆ ಗತಿಯೇನು ಎಂಬ ಭಯ ಮನೆಯಿಂದ ಮನೆಗೆ ಹಬ್ಬುತ್ತದೆ.

ಮೂರನೆಯ ಕಾರಣ ನಮ್ಮದು, ಅದನ್ನು ಒಪ್ಪಿಕೊಳ್ಳಬೇಕು. ಇವತ್ತು ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರ ಪೈಕಿ ಹಲವರು ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ದಾಟಿ ಬಂದವರು. 1994ರಲ್ಲಿ ಶುರುವಾದ ಸಿಇಟಿ ನಮ್ಮ ಮಧ್ಯಮ ವರ್ಗದ ಮಕ್ಕಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ದುಡ್ಡು, ವಶೀಲಿ ಇಲ್ಲದವರ ಮಗನಿಗೂ ರ‍್ಯಾಂಕು ಬಂದರೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆ ವ್ಯವಸ್ಥೆಯಲ್ಲಿ ಅಳತೆಗೋಲು ಒಂದೇ; ಎರಡು ಅಂಕ ಹೆಚ್ಚಾದರೆ ಎರಡು ಅಂಕದಷ್ಟು ಒಳ್ಳೆಯದು, ಅದಕ್ಕೆ ಮೇಲ್ಮಿತಿ ಇಲ್ಲ. ಆ ಅನುಭವ ಹೊತ್ತು ಹೋದವರು ಎಪಿಯ ಸಂಖ್ಯೆಯನ್ನೂ ರ‍್ಯಾಂಕಿನಂತೆಯೇ ಓದುತ್ತಾರೆ: ಪಕ್ಕದ ಮನೆಯವನದು ಹತ್ತಾದರೆ ನಮ್ಮವನದು ಹನ್ನೊಂದು. ಅಮೆರಿಕದ ದೊಡ್ಡ ಕಾಲೇಜುಗಳ ಆಯ್ಕೆ ಹಾಗೆ ನಡೆಯುವುದಿಲ್ಲ. ನಿನ್ನ ಶಾಲೆಯಲ್ಲಿ ಸಿಗುತ್ತಿದ್ದ ಕಷ್ಟದ ವಿಷಯಗಳನ್ನು ನೀನು ಹಿಂಜರಿಯದೆ ತೆಗೆದುಕೊಂಡೆಯಾ, ಚೆನ್ನಾಗಿ ಮಾಡಿದೆಯಾ ಎಂದು ನೋಡುತ್ತಾರೆ. ಅದು ಹೌದಾದ ಮೇಲೆ ಹನ್ನೊಂದಕ್ಕೆ ಹತ್ತಕ್ಕಿಂತ ಬೆಲೆ ಹೆಚ್ಚಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಇದನ್ನು ನಿಯಮವಾಗಿಯೇ ಬರೆದಿಟ್ಟಿದೆ. ಎಪಿ ಮತ್ತು ಆನರ್ಸ್‌ನ ಹೆಚ್ಚುವರಿ ಅಂಕ ಎಂಟು ಸೆಮಿಸ್ಟರುಗಳಿಗೆ ಮಾತ್ರ, ಅಂದರೆ ವರ್ಷಪೂರ್ತಿಯ ನಾಲ್ಕು ತರಗತಿಗಳಿಗೆ. ಐದನೆಯದರಿಂದ ಆಚೆಗೆ ಆ ಜಿಪಿಎಗೆ ಒಂದು ಚೂರೂ ಸೇರುವುದಿಲ್ಲ. ಅರ್ಜಿ ಓದುವವರು ಒಟ್ಟಾರೆ ವಿಷಯಗಳ ಗಟ್ಟಿತನವನ್ನೂ ನೋಡುತ್ತಾರೆ, ನಿಜ. ಆದರೆ ಫ್ರೀಮಾಂಟ್‌ನ ಮನೆಯಲ್ಲಿ ನಡುರಾತ್ರಿ ನಡೆಯುವ ಎಷ್ಟೋ ಓದು ಲೆಕ್ಕಕ್ಕೇ ಬಾರದ ಅಂಕಕ್ಕಾಗಿ ನಡೆಯುತ್ತಿದೆ. 2016ರಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ ಹೊರಬಂದ ವರದಿಯೊಂದು, ಎಪಿಗಳನ್ನು ರಾಶಿ ಹಾಕಬೇಡಿ ಎಂದು ವಿದ್ಯಾರ್ಥಿಗಳಿಗೆ ಕಾಲೇಜುಗಳೇ ಸ್ಪಷ್ಟವಾಗಿ ಹೇಳಬೇಕು ಎಂದಿತು. ದೇಶದ ಹಲವಾರು ಪ್ರಮುಖ ಕಾಲೇಜುಗಳ ಪ್ರವೇಶಾಧಿಕಾರಿಗಳು ಅದನ್ನು ಬೆಂಬಲಿಸಿದ್ದರು.

ಬೆಲೆಯ ಮಾತಿಗೆ ಬರೋಣ. ಕ್ಯಾಲಿಫೋರ್ನಿಯದ ಹತ್ತು ಹೆಸರುವಾಸಿ ಹೈಸ್ಕೂಲುಗಳ 4,300ಕ್ಕೂ ಹೆಚ್ಚು ಮಕ್ಕಳನ್ನು ವಿಚಾರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೋಂವರ್ಕ್‌ನ ಸರಾಸರಿ ದಿನಕ್ಕೆ ಮೂರು ಗಂಟೆಗೂ ತುಸು ಹೆಚ್ಚಿತ್ತು. ಅದನ್ನು ಒಂದು ದಿನದೊಳಗೆ ಕೂರಿಸಿ ನೋಡಿ. ಮಗು ನಾಲ್ಕಕ್ಕೆ ಮನೆಗೆ ಬರುತ್ತದೆ, ಆಟವೋ ಪಾಠವೋ ಮುಗಿಸಿ, ಉಂಡು, ಪುಸ್ತಕ ತೆರೆಯುವಾಗ ಏಳೂವರೆ. ಮೂರು ಗಂಟೆಯ ಕೆಲಸ ಮುಗಿದರೆ ಹತ್ತೂವರೆ. ಬೆಳಿಗ್ಗೆ ಏಳಕ್ಕೆ ಏಳಬೇಕಾದರೆ ಎಂಟು ಗಂಟೆ ನಿದ್ದೆಗೆ ಹನ್ನೊಂದಕ್ಕೆ ಮಲಗಲೇಬೇಕು. ಸರಾಸರಿಯ ಮಗುವಿಗೇ ಇಡೀ ದಿನದಲ್ಲಿ ಉಳಿದದ್ದು ಅರ್ಧ ಗಂಟೆ. ಇದಕ್ಕೆ ಇನ್ನೂ ಎರಡು ಎಪಿ ಸೇರಿಸಿ, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಪುಸ್ತಕ ಮುಚ್ಚುವಾಗಲೇ ಹನ್ನೆರಡು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತದೆ ಅಲ್ಲಿನ ನಿದ್ರಾ ವೈದ್ಯರ ಅಕಾಡೆಮಿ. ಅದಕ್ಕಾಗಿಯೇ ಕ್ಯಾಲಿಫೋರ್ನಿಯ 2022ರ ಜುಲೈಯಿಂದ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದೆಂದು ಕಾನೂನು ಜಾರಿಗೆ ತಂದಿತು. ಕಾನೂನು ಬೆಳಿಗ್ಗೆ ಉಳಿಸಿಕೊಟ್ಟ ನಿದ್ದೆಯನ್ನು ಮನೆಗಳು ರಾತ್ರಿ ಕಳೆಯುತ್ತಿವೆ. ಭಾರತ ಮೂಲದ ಮನಶ್ಶಾಸ್ತ್ರಜ್ಞೆ ಸುನಿಯಾ ಲೂಥರ್ ದಶಕಗಳ ಕಾಲ ಮಾಡಿದ ಕೆಲಸ ಇಲ್ಲಿ ನೆನಪಾಗಬೇಕು. ಒಳ್ಳೆಯ ಫಲಿತಾಂಶದ, ಅನುಕೂಲಸ್ಥರ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಖಿನ್ನತೆ, ಆತಂಕ, ಮಾದಕ ವಸ್ತುಗಳ ಬಳಕೆ ದೇಶದ ಸಾಮಾನ್ಯ ಮಟ್ಟಕ್ಕಿಂತ ಹೆಚ್ಚು ಎಂದು ಅವರು ಮತ್ತೆ ಮತ್ತೆ ತೋರಿಸಿದರು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿಯೊಂದು, ಬಡತನದಲ್ಲಿ ಬೆಳೆಯುವ ಮಕ್ಕಳ ಜೊತೆಗೆ ಇಂಥ ಶಾಲೆಗಳ ಮಕ್ಕಳನ್ನೂ ಅಪಾಯದಲ್ಲಿರುವವರ ಪಟ್ಟಿಗೆ ಸೇರಿಸಿತು. ಯಾವ ಶಾಲೆಗಾಗಿ ದುಬಾರಿ ಸಾಲ ಮಾಡಿ ಮನೆ ಕೊಂಡರೋ ಅದೇ ಶಾಲೆ ಈ ಪಟ್ಟಿಯಲ್ಲಿದೆ ಎಂಬುದು ಹೆತ್ತವರು ತಣ್ಣಗೆ ಕೂತು ಯೋಚಿಸಬೇಕಾದ ವಿಷಯ.

"ನಾವೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದವರೇ, ಏನಾಯಿತು?" ಎಂಬ ಆಕ್ಷೇಪ ಬರುತ್ತದೆ, ಮತ್ತು ಅದು ಗೌರವಕ್ಕೆ ಅರ್ಹವಾದ ಆಕ್ಷೇಪ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೋ ಶಾಲೆಗಳಲ್ಲಿ 2015ರಲ್ಲಿ ಮಕ್ಕಳ ಒತ್ತಡ ಇಳಿಸಲು ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳನ್ನು ಕೈಬಿಟ್ಟು, ಹೋಂವರ್ಕ್ ಇಲ್ಲದ ರಾತ್ರಿಗಳನ್ನು ತಂದಾಗ ಪೋಷಕರು ಎರಡು ಪಾಳಯವಾದರು. ಚೀನಾ, ಭಾರತಗಳಿಂದ ಬಂದ ಅನೇಕ ಹೆತ್ತವರು ಇದನ್ನು ಪಾಠದ ಗುಣಮಟ್ಟ ಇಳಿಸುವ ಹೆಜ್ಜೆಯೆಂದೇ ಕಂಡರು. ಬೆನ್ನಹಿಂದೆ ಆಸ್ತಿಯಾಗಲಿ ಪರಿಚಯಸ್ಥರಾಗಲಿ ಇಲ್ಲದೆ, ಓದೊಂದನ್ನೇ ನಂಬಿ ಪರದೇಶಕ್ಕೆ ಬಂದವರ ಅಳುಕನ್ನು ಹಗುರವಾಗಿ ಕಾಣಬಾರದು. ಆದರೆ ನಾಲ್ಕಕ್ಕೆ ಎದ್ದು ಓದಿದವರು ಓದಿದ್ದು ಎಷ್ಟು ವಿಷಯ? ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ; ಸಿಇಟಿಗೆ ಅದರಲ್ಲಿ ಮೂರೋ ನಾಲ್ಕೋ. ಎರಡು ವರ್ಷ ಅದೇ ಭೌತಶಾಸ್ತ್ರ, ಅದೇ ಗಣಿತವನ್ನು ಅರೆದು ಕುಡಿದರು. ಜೊತೆಗೆ ಪ್ರತಿ ವಾರ ಬೇರೆ ಬೇರೆ ಮೇಷ್ಟರಿಗೆ ಒಪ್ಪಿಸುವ ಪ್ರಾಜೆಕ್ಟು, ಪ್ರಬಂಧ, ಆಮೇಲೆ ಈಜು, ಡಿಬೇಟ್, ಸಮಾಜಸೇವೆಯ ಗಂಟೆಗಳು ಇರಲಿಲ್ಲ. ಕಷ್ಟಪಡುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಮೂರು ವಿಷಯಗಳಲ್ಲಿ ಪಟ್ಟ ಕಷ್ಟ ಆಳಕ್ಕೆ ಇಳಿಯುತ್ತದೆ, ಏಳರಲ್ಲಿ ಹಂಚಿಹೋದದ್ದು ಮೇಲ್ಮೈಯಲ್ಲೇ ಆರುತ್ತದೆ.

ಹಣದ ವಾದ ಇದಕ್ಕಿಂತ ಗಟ್ಟಿ. ಒಂದು ಪರೀಕ್ಷೆಗೆ ಸುಮಾರು 100 ಡಾಲರ್. ಅದರಿಂದ ಒಂದು ಕಾಲೇಜು ತರಗತಿಯ ಶುಲ್ಕ ಉಳಿದರೆ ಸಾವಿರಾರು ಡಾಲರ್ ಉಳಿತಾಯ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಕ್ಕೆ ಹೋಗುವ ಮಗುವಿಗೆ ಇದು ನಿಜ, ಒಂದು ಸೆಮಿಸ್ಟರ್ ಮೊದಲೇ ಡಿಗ್ರಿ ಮುಗಿಸಿದವರೂ ಇದ್ದಾರೆ. ಆ ಉದ್ದೇಶವಿದ್ದರೆ ಯಾವ ಕಾಲೇಜು ಯಾವ ಎಪಿಗೆ ಎಷ್ಟು ಅಂಕಕ್ಕೆ ಕ್ರೆಡಿಟ್ ಕೊಡುತ್ತದೆ ಎಂಬ ಪಟ್ಟಿ ನೋಡಿ ಆರಿಸಬೇಕು. ಆದರೆ ಹತ್ತು ಎಪಿ ಹೊರುವ ಮನೆಗಳ ಕಣ್ಣು ಸಾಮಾನ್ಯವಾಗಿ ಇರುವುದು ಬೇರೆ ಕಾಲೇಜುಗಳ ಮೇಲೆ, ಅಲ್ಲೇ ಈ ಉಳಿತಾಯ ಕರಗುವುದು. ಕ್ಯಾಲ್ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ ಕಾಲೇಜು 2013ರಲ್ಲಿ ಕ್ರೆಡಿಟ್ ನಿಲ್ಲಿಸುವುದಾಗಿ ಹೇಳಿತು. ಎಪಿ ಮನಶ್ಶಾಸ್ತ್ರದಲ್ಲಿ 5 ಪಡೆದು ಬಂದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಅಲ್ಲಿನ ವಿಭಾಗದವರು ತಮ್ಮದೇ ಪರೀಕ್ಷೆಯ ಕಿರು ರೂಪವೊಂದನ್ನು ಕೊಟ್ಟಾಗ ಹತ್ತರಲ್ಲಿ ಒಂಬತ್ತು ಮಂದಿ ಪಾಸಾಗಿರಲಿಲ್ಲ. ವೈದ್ಯಕೀಯ ಓದುವವರ ವಿಷಯದಲ್ಲೂ, ಹಲವು ಮೆಡಿಕಲ್ ಕಾಲೇಜುಗಳು ವಿಜ್ಞಾನದ ಕಡ್ಡಾಯ ತರಗತಿಗಳಿಗೆ ಬದಲಾಗಿ ಎಪಿ ಕ್ರೆಡಿಟ್ ಒಪ್ಪುವುದಿಲ್ಲ.

ಟೆಕ್ಸಸ್‌ನವರ ಸ್ಥಿತಿ ಮಾತ್ರ ಬೇರೆ, ಅವರಿಗೆ ನನ್ನ ವಾದವನ್ನು ಹಾಗೇ ಒಪ್ಪಿಸಿದರೆ ಅನ್ಯಾಯವಾಗುತ್ತದೆ. 1997ರ ಕಾನೂನಿನಂತೆ ಅಲ್ಲಿ ತಂತಮ್ಮ ಹೈಸ್ಕೂಲಿನ ಮೇಲಿನ ಸಾಲಿನಲ್ಲಿರುವವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ಸಿಗುತ್ತದೆ. ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೆ ಆ ಗೆರೆ ಶೇ 6 ಇದ್ದದ್ದು 2026ರಿಂದ ಶೇ 5. ಶಾಲೆಯ ರ‍್ಯಾಂಕು ವೇಟೆಡ್ ಜಿಪಿಎ ಮೇಲೆ ನಿಂತಿರುವಲ್ಲಿ ಪಿಟೀಲಿನ ಲೆಕ್ಕ ಬರೀ ಕಾಗದದ ಲೆಕ್ಕವಲ್ಲ, ಸೀಟಿನ ಪ್ರಶ್ನೆ. ಅಂಥ ಕಡೆ ಒಂದು ಮನೆ ತಾನೊಂದೇ ಹಿಂದೆ ಸರಿಯುವುದು ಕಷ್ಟ. ಅಲ್ಲಿ ಬದಲಾಗಬೇಕಾದದ್ದು ಶಾಲೆಯ ನಿಯಮ: ಸಂಗೀತ, ಕಲೆಯ ತರಗತಿಗಳನ್ನು ರ‍್ಯಾಂಕಿನ ಲೆಕ್ಕದಿಂದ ಹೊರಗಿಡುವುದು, ಹೆಚ್ಚುವರಿ ಅಂಕಕ್ಕೆ ಮಿತಿ ಹಾಕುವುದು. ಸ್ಕೂಲ್ ಬೋರ್ಡ್ ಸಭೆಗಳು ಸಾರ್ವಜನಿಕ, ಅಲ್ಲಿ ಎದ್ದು ನಿಂತು ಮಾತಾಡುವ ಅವಕಾಶ ಪೋಷಕರಿಗಿದೆ. ನಮ್ಮವರು ಆ ಅವಕಾಶವನ್ನು ಇನ್ನಷ್ಟು ಬಳಸಬೇಕು.

ಎಪಿಯನ್ನೇ ಕಿತ್ತುಹಾಕಿ ಎನ್ನುವವರೂ ಇದ್ದಾರೆ. ವಾಷಿಂಗ್ಟನ್ ಸುತ್ತಿನ ಎಂಟು ಹೆಸರಾಂತ ಖಾಸಗಿ ಶಾಲೆಗಳು 2022ರೊಳಗೆ ಎಪಿ ತರಗತಿ ನಿಲ್ಲಿಸುವುದಾಗಿ 2018ರಲ್ಲಿ ಒಟ್ಟಾಗಿ ಪ್ರಕಟಿಸಿದವು. ಅವುಗಳಿಗೆ ಅದು ಸಲ್ಲುತ್ತದೆ, ಆ ಶಾಲೆಗಳ ಹೆಸರೇ ಸಾಕ್ಷಿಪತ್ರ. ಯಾರೂ ಕೇಳರಿಯದ ಊರಿನ ಸರ್ಕಾರಿ ಶಾಲೆಯ ಮಗುವಿಗೆ ತನ್ನ ಶಕ್ತಿ ತೋರಿಸಲು ಆ 5 ಎಂಬ ಅಂಕ ಬೇಕು. ಗಾರ್ಫೀಲ್ಡ್‌ನ ಮಕ್ಕಳಿಗೂ ಅದೇ ಬೇಕಾಗಿತ್ತು. ಎಪಿಗಳೇ ಇಲ್ಲದ, ಇದ್ದರೂ ಒಂದೆರಡೇ ಇರುವ ಶಾಲೆಗಳು ಅಮೆರಿಕದಲ್ಲಿ ಬಹಳ ಇವೆ. ಅಲ್ಲಿ ಬೇಕಾಗಿರುವುದು ಇನ್ನಷ್ಟು ಎಪಿ.

ಹಾಗಾದರೆ ಫಾರ್ಮಿನ ಮುಂದೆ ಕೂತ ಮನೆ ಏನು ಮಾಡಬೇಕು? ಗಣಿತದಿಂದ ಶುರುಮಾಡುವುದು ಒಳ್ಳೆಯದು: ಮಗು ಯಾವ ಮೆಟ್ಟಿಲಲ್ಲಿ ಗಟ್ಟಿಯಾಗಿ ನಿಂತಿದೆಯೋ ಅದರ ಮುಂದಿನ ಮೆಟ್ಟಿಲು, ಅದಕ್ಕಿಂತ ಮೇಲಿನದಲ್ಲ. ಆಮೇಲೆ ಮಗುವಿಗೆ ನಿಜಕ್ಕೂ ಹಸಿವಿರುವ ಒಂದೆರಡು ವಿಷಯ. ಹಸಿವು ಎಲ್ಲಿದೆ ಎಂದು ತಿಳಿಯಲು ಪರೀಕ್ಷೆ ಬೇಕಿಲ್ಲ, ಯಾರೂ ಹೇಳದಿದ್ದಾಗ ಅದು ಏನು ಓದುತ್ತದೆ, ಏನು ನೋಡುತ್ತದೆ ಎಂದು ಗಮನಿಸಿದರೆ ಸಾಕು. ಚೆನ್ನಾಗಿ ಪಾಠ ಮಾಡುವ ಮೇಷ್ಟರಿರುವ ಮಾಮೂಲಿ ತರಗತಿಯೂ ಹಲವು ಸಲ ಎಪಿಗಿಂತ ಹೆಚ್ಚು ಕಲಿಸುತ್ತದೆ, ಆದ್ದರಿಂದ ಹಿಂದಿನ ವರ್ಷ ಓದಿದ ಮಕ್ಕಳನ್ನು ಕೇಳಬೇಕು. ವಾರಕ್ಕೆ ಎಷ್ಟು ಗಂಟೆ ಹಿಡಿಯಿತು ಎಂದು ಅವರಷ್ಟು ಸರಿಯಾಗಿ ಯಾರೂ ಹೇಳಲಾರರು. ಇಷ್ಟು ಬರೆದ ಮೇಲೆ ಇನ್ನೊಂದು ಎಪಿ ಸೇರಿಸಬೇಕೆನಿಸಿದರೆ, ಅದಕ್ಕೆ ಬೇಕಾದ ವಾರದ ಐದಾರು ಗಂಟೆ ಯಾವುದರಿಂದ ಬರುತ್ತದೆ ಎಂದು ಹೆಸರಿಟ್ಟು ಹೇಳಬೇಕು. ನಿದ್ದೆಯಿಂದ ಎಂದಾದರೆ ಅದು ಬೇಡ. ಫೋನಿನಿಂದ ಎಂದು ಎಲ್ಲರೂ ಹೇಳುತ್ತಾರೆ, ಆದರೆ ದಣಿದ ಮಗು ಮೊದಲು ಕೈಹಾಕುವುದು ಫೋನಿಗೇ.

ಮಾರ್ಚ್‌ನಲ್ಲಿ ಬರೆದದ್ದು ಶಾಸನವಲ್ಲ ಎಂಬುದೂ ನೆನಪಿರಲಿ. ಶಾಲೆ ಶುರುವಾದ ಮೇಲೂ ದಾಖಲೆಯಲ್ಲಿ ಕಲೆ ಉಳಿಯದಂತೆ ತರಗತಿ ಬದಲಿಸಿಕೊಳ್ಳಲು ಅನೇಕ ಶಾಲೆಗಳು ಕೆಲವು ವಾರ ಕೊಡುತ್ತವೆ. ಪರೀಕ್ಷೆಗೆ ಹೆಸರು ಕೊಡಬೇಕಾದ್ದು ನವೆಂಬರ್ ಹೊತ್ತಿಗೆ, ತರಗತಿಯಲ್ಲಿ ಕೂತ ಮಾತ್ರಕ್ಕೆ ಎಲ್ಲ ಕಡೆಯೂ ಪರೀಕ್ಷೆ ಕಡ್ಡಾಯವಲ್ಲ. ಬಿಡುವ ಗಡುವು ಯಾವತ್ತು ಎಂದು ಫಾರ್ಮು ತುಂಬುವ ದಿನವೇ ಕೌನ್ಸೆಲರ್‌ರನ್ನು ಕೇಳಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ದಿನಕ್ಕೆ ಒಂದು ವಾರ ಇರುವಾಗ ರಾತ್ರಿ ಹನ್ನೊಂದರ ಮೇಲೂ ಮಗಳ ಕೋಣೆಯ ದೀಪ ಉರಿಯುತ್ತಿದ್ದರೆ ಒಳಗೆ ಹೋಗಿ ಕೂತು, ಯಾವುದನ್ನು ಬಿಡೋಣ ಎಂದು ಅವಳನ್ನೇ ಕೇಳಿ.